ನೀನು ಆರಿಸಿದ ಸ್ಟೇರಿಂಗ್

ಸುಧಾ, ನೀನು ಆರಿಸಿದ ಸ್ಟೇರಿಂಗ್ ವೀಲಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ಅದರ ಕೆಳಗೆ ನಾನು ಮಾಡಿ ಕೂರಿಸಿದ ಕಬ್ಬಿಣದ ತುಂಡಿನಲ್ಲಿ. ಅದು ನನಗೆ ಗೊತ್ತಿತ್ತು. ನಿನ್ನ ಅಪ್ಪ ಆ ಕಾರು ಹತ್ತುವ ಮೊದಲೇ ಗೊತ್ತಿತ್ತು.

ಇಷ್ಟು ಹೇಳಲು ಆರು ವರ್ಷ ಬೇಕಾಯಿತು. ಈಗಲೂ ಹೇಳುತ್ತಿರಲಿಲ್ಲವೋ ಏನೋ — ಕಳೆದ ಭಾನುವಾರ ನೀನು ನಮ್ಮ ಮನೆಗೆ ಬಂದು, ಚಹಾದ ಕಪ್ಪು ಕೆಳಗಿಟ್ಟು, ಆ ಮಾತು ಆಡದೆ ಹೋಗಿದ್ದರೆ.

“ಅಪ್ಪನ ಗಾಡಿ ಮತ್ತ ರೆಡಿ ಮಾಡಸ್ತೀನ್ರಿ ಕಾಕಾ. ಈ ಸಲ ವೀಲ್ ನೀವಽ ಆರಿಸ್ರಿ. ನಾ ಆರಿಸಿದ್ದು ಅಪ್ಪಗ ಒಳ್ಳೇದು ಮಾಡ್ಲಿಲ್ಲ.” ಆಮೇಲೆ ನಗುತ್ತ ಸೇರಿಸಿದೆ: “ಮತ್ತ ನಿಮ್ಮ ಠಸ್ಸೆ ಇರಬೇಕು ನೋಡ್ರಿ. ಅದಿದ್ರಽ ನಾ ಕೈ ಹಚ್ಚೋದು.”

ನಾನು ಏನು ಮಾಡಿದೆ? ಬಿಸ್ಕೀಟಿನ ತಟ್ಟೆಯನ್ನು ನಿನ್ನ ಕಡೆ ಸರಿಸಿದೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡುವುದಿಲ್ಲ, ಯಾಕೆಂದರೆ ನಾನು ಮುಚ್ಚಿಟ್ಟದ್ದು ಅದರ ನಡುವೆಯೇ ಇದೆ.

ನಿನ್ನ ಅಪ್ಪ ಮಲ್ಲಣ್ಣ ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದ ರೈಲು ಡ್ರೈವರ್. ನಾನು ಗದಗಿನ ಕಡೆಯವನು, ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ತುಂಡುಗಳನ್ನು ಪರೀಕ್ಷೆ ಮಾಡಿ ಪಾಸು ಮಾಡುವ ಇನ್‌ಸ್ಪೆಕ್ಟರ್. ಎರಡು ಮನೆ ಆಚೆಗೆ ಕನ್ನಡ ಕೇಳಿಸಿತು, ಅಷ್ಟೇ ಸಾಕಾಯಿತು ನಮ್ಮ ಸ್ನೇಹಕ್ಕೆ. ಇಬ್ಬರೂ ರಿಟೈರ್ ಆದ ಮೇಲೆ ಅವನಿಗೆ ಕಾರಿನ ಹುಚ್ಚು ಹಿಡಿಯಿತು. ಜೀವಮಾನವಿಡೀ ಅಷ್ಟು ದೊಡ್ಡ ಗಾಡಿ ಓಡಿಸಿದವನು, ಒಂದು ದಿನವೂ ಏನನ್ನೂ ತಿರುಗಿಸಿದವನಲ್ಲ! “ತಿರುಗಸೋದು ಹಳಿ ಕೆಲಸ ಆಗಿತ್ತಪಾ. ಈಗ ನಾ ತಿರುಗಸ್ತೀನಿ,” ಎನ್ನುತ್ತಿದ್ದ. ಸಿಗ್ನಲ್ ಹಸಿರಾದರೂ ಗಾರ್ಡ್ ಬಾವುಟ ತೋರಿಸುವವರೆಗೆ ಕಾಯುತ್ತೀ ಬಿಡು ಎಂದು ನಾನು ಗೇಲಿ ಮಾಡುತ್ತಿದ್ದೆ.

ಊರಾಚೆಯ ಕಾಮಠಿಯಲ್ಲಿ ಯಾರೋ ಮಿಲಿಟರಿ ಸಾಹೇಬರ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದ್ದ ವಿಲಾಯತಿ ಕಾರನ್ನು ಅವನು ಎಳೆಸಿಕೊಂಡು ಬಂದ. ಛಾವಣಿ ತಗ್ಗಿಸಿ, ಇಂಜಿನ್ ಮೇಲಿನ ಮುಚ್ಚಳ ತೆಗೆದು, ಹಿಂದಿನ ಗಾಲಿ ದಪ್ಪ ಮಾಡಿದರೆ ಅದಕ್ಕೆ ಹಾಟ್ ರಾಡ್ ಅನ್ನುತ್ತಾರೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದವಳು ನೀನು. ಎರಡು ವರ್ಷ, ಪ್ರತಿ ಭಾನುವಾರ, ನಿಮ್ಮ ಅಂಗಳದಲ್ಲಿ ನಾವು ಮೂವರೂ ಗ್ರೀಸ್ ಬಳಿದುಕೊಂಡು ಕೂತೆವು. ನನ್ನ ಬದುಕಿನ ಚಲೋ ಭಾನುವಾರಗಳೆಂದರೆ ಅವೇ.

ಸೀಟು ತಗ್ಗಿಸಿದ ಮೇಲೆ ಹಳೆಯ ದೊಡ್ಡ ಸ್ಟೇರಿಂಗ್ ಅವನ ಹೊಟ್ಟೆಗೆ ಒತ್ತತೊಡಗಿತು. ಅದರ ಅಂಚೂ ಒಡೆದಿತ್ತು. ಗುಜರಿಯಿಂದ ಮೂರು ವೀಲು ತಂದು ಹೊರಸಿನ ಮೇಲೆ ಸಾಲಾಗಿ ಇಟ್ಟೆವು, ನೆನಪಿದೆಯಾ? ಒಂದು ಮಿನುಗುವ ಸ್ಟೀಲಿನದು, ಒಂದು ಕಪ್ಪು ರಬ್ಬರಿನದು, ಮತ್ತೊಂದು ಮರದ ಅಂಚಿನ, ಮೂರು ಕಡ್ಡಿಯ ಸಣ್ಣ ವೀಲು. ನೀನು ಕಣ್ಣು ಮುಚ್ಚಿ ಒಂದೊಂದನ್ನೂ ಹಿಡಿದು ನೋಡಿದೆ. “ಇದು ಅಪ್ಪನ ಕೈಗೆ ಬರೋಬರ್ ಕೂಡ್ತದ,” ಎಂದು ಮರದ್ದನ್ನು ಎತ್ತಿಕೊಟ್ಟೆ. ಅವನು ಅಲ್ಲೇ ಕೂತು ಅದನ್ನು ಗಾಳಿಯಲ್ಲಿ ತಿರುಗಿಸುತ್ತ, ಬಾಯಲ್ಲಿ ರೈಲಿನ ಸೀಟಿ ಊದಿದ.

ಹೊಸ ವೀಲು ಗಾಲಿ ತಿರುಗಿಸುವ ಹಳೆಯ ದಂಡಕ್ಕೆ ನೇರವಾಗಿ ಕೂರುವುದಿಲ್ಲ. ದಂಡದ ತುದಿಯ ಹಲ್ಲುಗಳಿಗೆ ಹೊಂದುವ ಹಲ್ಲು ಇರುವುದು ಹಳೆಯ ವೀಲಿನ ನಡುಭಾಗದಲ್ಲಿ ಮಾತ್ರ. ಅದನ್ನು ಕತ್ತರಿಸಿ ತೆಗೆದು, ಅದಕ್ಕೊಂದು ತಟ್ಟೆ ಬೆಸೆದು, ತಟ್ಟೆಗೆ ಹೊಸ ವೀಲನ್ನು ಬೋಲ್ಟ್ ಮಾಡಬೇಕು. ಆ ಕೆಲಸ ನನ್ನದಾಯಿತು. ಇದ್ದದ್ದು ಒಂದೇ ನಡುಭಾಗ, ಕೆಟ್ಟರೆ ಇನ್ನೊಂದಿಲ್ಲ. ಅದು ಎರಕದ ಕಬ್ಬಿಣ. ಚೆನ್ನಾಗಿ ಕಾಯಿಸಿ, ಬೆಸೆದು, ಬೂದಿಯಲ್ಲಿ ಹೂತು, ಪೂರ್ತಿ ಒಂದು ದಿನ ನಿಧಾನಕ್ಕೆ ಆರಲು ಬಿಡಬೇಕು. ಹೊಸಬರಿಗೆ ಈ ಪಾಠ ಹೇಳಿಕೊಟ್ಟವನೇ ನಾನು.

ಆದರೆ ಮರುದಿನ ಬೆಳಿಗ್ಗೆ ಸಿವಿಲ್ ಲೈನ್ಸಿನಲ್ಲಿ ಹಳೆಯ ಕಾರುಗಳ ಪ್ರದರ್ಶನ. ನಮ್ಮ ಗಾಡಿ ಬರುತ್ತದೆ ಎಂದು ಕಂಡಕಂಡವರಿಗೆಲ್ಲ ಜಂಬ ಕೊಚ್ಚಿದ್ದೆ. ಮಧ್ಯಾಹ್ನ ಹೂತದ್ದನ್ನು ಸಂಜೆಯೊಳಗೇ ಬೂದಿಯಿಂದ ತೆಗೆದೆ. ಕೈ ಹಚ್ಚಲಾಗದಷ್ಟು ಬಿಸಿ ಇತ್ತು. ಫ್ಯಾನಿನ ಕೆಳಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಟಿಣ್ ಎಂದು ಒಂದು ಸಣ್ಣ ಸದ್ದು — ಒಂದೇ ಸಲ. ಆ ಸದ್ದು ಏನೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಎದ್ದು ಹೋಗಿ ನೀರು ಕುಡಿದು ಬಂದೆ.

ತುಂಡಿಗೆ ಸೀಮೆಎಣ್ಣೆ ಸವರಿ, ಒಣಗಿಸಿ ಒರೆಸಿ, ಮೇಲೆ ಸುಣ್ಣದ ಪುಡಿ ಬಳಿದೆ. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಮೂಡಿತು. ಒಂದು ಅಕ್ಕಿಕಾಳಿನಷ್ಟು ಉದ್ದ. ಅದಕ್ಕಿಂತ ಸಣ್ಣ ಗೆರೆಗೆ ಕಾರ್ಖಾನೆಯಲ್ಲಿ ಎಷ್ಟು ತುಂಡುಗಳನ್ನು ವಾಪಸು ಎಸೆದಿದ್ದೇನೆ, ಎಷ್ಟು ಜನರಿಂದ ಬೈಸಿಕೊಂಡಿದ್ದೇನೆ —

ನಮ್ಮಲ್ಲಿ ಒಂದು ನಿಯಮವಿತ್ತು. ತುಂಡು ಮಾಡಿದವನು ಅದನ್ನು ಪಾಸು ಮಾಡುವಂತಿಲ್ಲ. ಪಾಸು ಮಾಡುವವನ ಬಳಿ ಒಂದು ಸಣ್ಣ ಉಕ್ಕಿನ ಠಸ್ಸೆ ಇರುತ್ತದೆ: ತ್ರಿಕೋನ, ಅದರೊಳಗೆ ಅವನ ನಂಬರು. ರಿಟೈರ್ ಆಗುವ ದಿನ ಅದನ್ನು ಒಪ್ಪಿಸಿ ಬರಬೇಕು. ನಾನೂ ಒಪ್ಪಿಸಿದೆ, ಆದರೆ ಅಂಥದೇ ಇನ್ನೊಂದನ್ನು ಮನೆಯಲ್ಲಿ ಮಾಡಿಟ್ಟುಕೊಂಡಿದ್ದೆ. ಅದಿಲ್ಲದೆ ನಾನು ಯಾರೂ ಅಲ್ಲ ಅನ್ನಿಸುತ್ತಿತ್ತು. ಮಲ್ಲಣ್ಣನ ಕಾರಿನ ಒಂದೊಂದು ಭಾಗಕ್ಕೂ ಆ ಠಸ್ಸೆ ಹೊಡೆದಿದ್ದೆ, ಅವನಿಗೆ ಅದನ್ನು ನೋಡಿದರೆ ಖುಷಿ. ಆ ಸಂಜೆ ಬಿರುಕಿನ ಮೇಲೆ ಅರ ತಿಕ್ಕಿದೆ, ಕಪ್ಪು ಬಣ್ಣ ಬಳಿದೆ, ಸುತ್ತಿಗೆ ಎತ್ತಿ ಠಸ್ಸೆ ಹೊಡೆದೆ.

ಅವನು ಬಂದ. “ಆತೇನಪಾ?”

“ಬರೋಬರ್ ಐತಿ,” ಎಂದೆ.

ಅವನು ಹೆಬ್ಬೆರಳಿನಿಂದ ಆ ತ್ರಿಕೋನವನ್ನು ಸವರಿದ. “ನಿನ್ನ ಠಸ್ಸೆ ಬಿತ್ತಂದ್ರ ಮುಗೀತು,” ಎಂದ.

ಪ್ರದರ್ಶನ ಚೆನ್ನಾಗಿಯೇ ಆಯಿತು. ಜನ ನಿಮ್ಮಪ್ಪನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಾನು ಮಾತ್ರ ಆ ವೀಲಿನಿಂದ ಕಣ್ಣು ತೆಗೆಯಲಿಲ್ಲ. ಮನೆ ಮುಟ್ಟಿದ ಮೇಲೆ ಹೇಳುತ್ತೇನೆ ಅಂದುಕೊಂಡೆ. ಮನೆ ಮುಟ್ಟಿದ ಮೇಲೆ, ಮುಂದಿನ ವಾರ ಅಂದುಕೊಂಡೆ. ಹಾಗೆ ಎಂಟು ತಿಂಗಳು. ಅವನ ಕಾರು ಓಣಿ ದಾಟಿದರೆ ಸಾಕು, ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ತಿರುಗಿ ಬರುವ ಹಾರ್ನ್ ಕೇಳುವವರೆಗೆ ಕಿವಿ ರಸ್ತೆಯ ಕಡೆಗೇ. ಬಿರುಕು ನಿಲ್ಲುವುದಿಲ್ಲ, ದಿನಾ ಬೆಳೆಯುತ್ತದೆ. ಅದೂ ನಾನೇ ಹೇಳಿಕೊಡುತ್ತಿದ್ದ ಪಾಠ.

ಒಂದು ದಿನ ಅವನೇ ಕೇಳಿದ: “ಗಾಡಿ ಸೀದಾ ಹೊಂಟಾಗ ವೀಲ್ ಸ್ವಲ್ಪ ವಾರಿ ನಿಲ್ತದಲ್ಲೋ, ಯಾಕ?” ತುಂಡು ಸರಿಯತೊಡಗಿದೆ ಎಂದೇ ಅದರ ಅರ್ಥ. “ರಸ್ತೆದಾಗ ತಗ್ಗು ಭಾಳ ಅದಾವ. ಮುಂದಿನ ಗಾಲಿ ನೋಡೂಣು ಬಿಡು,” ಎಂದೆ. ಸುಧಾ, ನನಗೆ ಎರಡನೆಯ ಅವಕಾಶ ಸಿಕ್ಕಿತ್ತು. ಅವನಾಗಿಯೇ ತಂದು ಕೈಯಲ್ಲಿ ಇಟ್ಟಿದ್ದ.

ಒಂಬತ್ತು ದಿನಗಳ ನಂತರ ಕಾಮಠಿ ರಸ್ತೆಯ ತಿರುವಿನಲ್ಲಿ ವೀಲು ತಿರುಗಿತು, ಕಾರು ತಿರುಗಲಿಲ್ಲ. ಬೇವಿನ ಮರಕ್ಕೆ ಹೊಡೆಯಿತು.

ನೀವೆಲ್ಲ ಆಸ್ಪತ್ರೆಗೆ ಓಡಿದಾಗ ನಾನು ಮೊದಲು ಹೋದದ್ದು ಆ ಮರದ ಹತ್ತಿರ. ಗಾಡಿ ಕಾಯುತ್ತೇನೆ ಎಂದು ಹೇಳಿ, ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಹೋದೆ. ಬೆಸುಗೆ ಸುತ್ತಲೂ ಬಿಟ್ಟುಕೊಂಡು ಎರಡು ಹೋಳಾಗಿತ್ತು. ವೀಲನ್ನೂ ಎರಡೂ ಹೋಳನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಆಮೇಲೆ ಆಸ್ಪತ್ರೆಗೆ ಬಂದೆ.

ಸೊಂಟ ಮುರಿದು ಮಲಗಿದ್ದ ಅವನು ನನ್ನ ಕೈ ಹಿಡಿದುಕೊಂಡು ಹೇಳಿದ: “ನಾನಽ ಜಾಸ್ತಿ ತಿರುಗಿಸಿದೆ ಕಾಣತದ. ಸಣ್ಣ ವೀಲ್ ನೋಡು, ಕೈಗೆ ತಿಳೀಲಿಲ್ಲ.” ಥರ್ಮಾಸ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನೀನು ಅದನ್ನು ಕೇಳಿಸಿಕೊಂಡೆ. ಹೊರಗೆ ಬಂದು ನನ್ನನ್ನು ಕೇಳಿದೆ: “ಆ ಸಣ್ಣ ವೀಲ್ ನಾನಽ ಬೇಕಂದಿದ್ನಲ್ರೀ ಕಾಕಾ?”

ಚೀಲ ನನ್ನ ಹೆಗಲ ಮೇಲೇ ಇತ್ತು.

“ಆಗೋದು ಆತವ್ವಾ, ಬಿಡು,” ಎಂದೆ. ಅಲ್ಲ ಅನ್ನಲಿಲ್ಲ ನೋಡು. ಒಂದು ‘ಅಲ್ಲ’ ಅಂದಿದ್ದರೆ... ತಪ್ಪನ್ನು ನಿನ್ನ ತಲೆಗೆ ಕಟ್ಟಿ, ಮೇಲೆ ಕ್ಷಮಿಸಿದವನ ಹಾಗೆ ನಿನ್ನ ಬೆನ್ನೂ ಸವರಿದೆ.

ಮಲ್ಲಣ್ಣ ಎರಡು ವರ್ಷ ಕೋಲು ಊರಿ ನಡೆದ. ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಆಮೇಲೆ ಜ್ವರ ಬಂದು ಹೋದ. ಕಾರಿಗೂ ಸಾವಿಗೂ ಸಂಬಂಧವಿಲ್ಲ ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ ಲೆಕ್ಕವಿಲ್ಲ. ಆದರೆ ನೀನು ಇದ್ದೀಯಲ್ಲ ಕಣ್ಣೆದುರಿಗೆ. ಅಂದಿನಿಂದ ಸ್ಕೂಟಿ ಮುಟ್ಟಿಲ್ಲ. ಬ್ಯಾಂಕಿಗೆ ಮೆಟ್ರೋದಲ್ಲಿ ಹೋಗುತ್ತೀ. ಆಟೋ ಹತ್ತಿದರೆ ಡ್ರೈವರನ ಕೈಯನ್ನೇ ನೋಡುತ್ತ ಕೂರುತ್ತೀ. ಸೀರೆ ಕೊಳ್ಳಲು ಹೋದರೂ ಬಣ್ಣ ನೀವೇ ಹೇಳಿ ಅನ್ನುತ್ತೀಯಂತೆ. ಇದೆಲ್ಲ ಯಾಕೆಂದು ಗೊತ್ತಿದ್ದವನು ನಾಗಪುರದಲ್ಲಿ ನಾನೊಬ್ಬನೇ. ಗೊತ್ತಿದ್ದೂ ದೀಪಾವಳಿಗೆ ನಿಮ್ಮ ಮನೆಯಲ್ಲಿ ಕೂತು ಉಂಡು ಬಂದಿದ್ದೇನೆ.

ಇಷ್ಟು ಬರೆದ ಮೇಲೆ ಇನ್ನೊಂದು ಹೇಡಿತನ ಕಣ್ಣಿಗೆ ಬಿತ್ತು. ಆರು ವರ್ಷ ಬಾರದ ಮಾತು ಈಗ ಹೇಗೆ ಸರಾಗ ಬಂತು? ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ. ನಿನ್ನ ಶಾಲೆಯೆಲ್ಲ ಮರಾಠಿಯಲ್ಲಿ ಆಯಿತು. ಕನ್ನಡ ಮಾತಾಡುತ್ತೀ, ಓದಲು ಬಾರದು. ನೀನು ಓದಲಾರೆ ಎಂಬ ಧೈರ್ಯದ ಮೇಲೆಯೇ ನನ್ನ ಪೆನ್ನು ಓಡಿದೆ. ತಪ್ಪೊಪ್ಪಿಗೆಯಲ್ಲೂ ಬಿರುಕು ಮುಚ್ಚಿ ಬಣ್ಣ ಬಳಿಯಲು ಹೊರಟಿದ್ದೆ.

ಆದ್ದರಿಂದ ಈ ಭಾನುವಾರ ನೀನು ಬರುವುದು ಬೇಡ. ನಾನೇ ಬರುತ್ತೇನೆ. ಈ ಕಾಗದವನ್ನು ನಿನ್ನೆದುರು ಕೂತು, ಮೊದಲ ಸಾಲಿನಿಂದ, ಗಟ್ಟಿಯಾಗಿ ಓದುತ್ತೇನೆ. ಹೊಸ ತುಂಡನ್ನು ಬೇರೆಯವರಿಂದ ಮಾಡಿಸು, ಮಾಡಿದವನಲ್ಲದ ಇನ್ನೊಬ್ಬನಿಂದ ಪರೀಕ್ಷೆ ಮಾಡಿಸು. ನನ್ನ ಠಸ್ಸೆಯನ್ನು ಇವತ್ತು ಬೆಳಿಗ್ಗೆ ಅರದಿಂದ ತಿಕ್ಕಿ ಅಳಿಸಿದೆ. ಮುರಿದ ಹೋಳುಗಳನ್ನು ಮಾತ್ರ ಹಾಗೇ ತರುತ್ತೇನೆ. ಒಂದರ ಮೇಲೆ ತ್ರಿಕೋನ ಇನ್ನೂ ಸ್ಪಷ್ಟವಾಗಿದೆ.

ವೀಲು ಆರಿಸಿ ಅಂದೆಯಲ್ಲ, ಆರಿಸಿದ್ದೇನೆ. ಅದೇ ಮರದ ವೀಲು. ಇಷ್ಟು ವರ್ಷ ನಮ್ಮ ಅಟ್ಟದ ಮೇಲಿತ್ತು. ನಿನ್ನೆ ಇಳಿಸಿ ಒರೆಸಿದೆ, ಹಗಲು ಬೆಳಕಿನಲ್ಲಿ ಸುತ್ತಲೂ ತಿರುಗಿಸಿ ನೋಡಿದೆ. ಒಂದು ಗೆರೆಯೂ ಇಲ್ಲ. ಅದನ್ನೂ ಹೋಳುಗಳನ್ನೂ ನಿನ್ನ ಮುಂದೆ ಇಡುತ್ತೇನೆ. ಎಲ್ಲ ನೋಡಿದ ಮೇಲೆ ನನ್ನನ್ನು ಕಾಕಾ ಅನ್ನಬೇಕೋ ಬೇಡವೋ, ಅದನ್ನು ನೀನೇ ಆರಿಸು.