ಹೊತ್ತು ಮುಳುಗುವ ಮೊದಲು ಎದ್ದುಹೋದವರು

ಕಳೆದ ಕಬ್ಬಿನ ಹಂಗಾಮಿನಲ್ಲಿ, ಒಂದು ಬುಧವಾರ ಸಂಜೆ, ಹಾರೂಗೇರಿಯ ಗೊಬ್ಬರದ ವ್ಯಾಪಾರಿ ಪಾಯಪ್ಪ ಅವರ ಎರಡೂ ಮೊಣಕಾಲುಗಳನ್ನು ಮೂವರು ಸೇರಿ ಕಬ್ಬಿಣದ ಸಲಾಕೆಯಿಂದ ಮುರಿದರು. ಅಂಗಡಿಯ ಕಟ್ಟೆಯ ಮೇಲೆ, ಬಸ್ಸಿಗೆ ಕಾದು ನಿಂತವರ ಕಣ್ಣೆದುರೇ ಇದು ನಡೆಯಿತು. ಒಬ್ಬ ಕುತ್ತಿಗೆ ಒತ್ತಿ ಹಿಡಿದ, ಇನ್ನೊಬ್ಬ ಕಾಲುಗಳ ಮೇಲೆ ಕುಳಿತ, ಮೂರನೆಯವನು ಹೊಡೆದ. ಹೊಡೆಯುವಾಗ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ ಎಂದು ಪಕ್ಕದ ಚಹಾದಂಗಡಿಯವರು ನನಗೆ ಹೇಳಿದರು.

"ಲಗೂನ ಯಾಕ ಎದ್ದ ಹೋದಿಲೇ?"

ಪಾಯಪ್ಪ ಪ್ರತಿ ಸಲವೂ ಅದೇ ಉತ್ತರ ಕೊಟ್ಟರಂತೆ. "ಹೊತ್ತ ಮುಳುಗತಿತ್ರಿ."

ಆಗ ನಾನು ಕನ್ನಡ ದಿನಪತ್ರಿಕೆಯೊಂದರ ಚಿಕ್ಕೋಡಿ ವರದಿಗಾರ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕುಗಳ ಸುದ್ದಿ ನನ್ನ ಪಾಲಿಗಿತ್ತು. ಸಂಜೆಯ ಹಲ್ಲೆಗೆ ಕಾರಣವಾದ ಪತ್ರಿಕಾಗೋಷ್ಠಿಯಲ್ಲಿ ಅದೇ ದಿನ ಬೆಳಿಗ್ಗೆ ನಾನೂ ಕುಳಿತಿದ್ದೆ.

ಅದಕ್ಕೂ ಹಿಂದಿನ ಕಥೆ ಇಷ್ಟು. ಆ ಭಾಗದ ರಾಜಕೀಯ ಮುಖಂಡರೊಬ್ಬರನ್ನು ಜನ ದಾದಾ ಎನ್ನುತ್ತಾರೆ. ಇಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ. ಕಬ್ಬಿನ ದರಕ್ಕಾಗಿ ರೈತರು ರಸ್ತೆ ತಡೆ ನಡೆಸಿದ್ದ ದಿನಗಳು. ಅಥಣಿ ರಸ್ತೆಯಲ್ಲಿ ಕಬ್ಬು ತುಂಬಿದ್ದ ಟ್ರ್ಯಾಕ್ಟರೊಂದಕ್ಕೆ ಬೆಂಕಿ ಬಿತ್ತು. ಚಾಲಕ ಇಂಜಿನ್ ಉಳಿಸಲು ಹೋಗಿ ಎರಡೂ ಕೈ ಸುಟ್ಟುಕೊಂಡ. ಹೋರಾಟಗಾರರ ಮೇಲೆ ಮೊಕದ್ದಮೆ ಆಯಿತು. ಕೆಲವೇ ದಿನಗಳಲ್ಲಿ ಒಂದು ಧ್ವನಿಮುದ್ರಿಕೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡತೊಡಗಿತು. ಬೆಂಕಿ ಬೀಳುವ ಮೊದಲು, ದಾದಾ ಅವರ ತೋಟದ ಮನೆಯಲ್ಲಿ ನಡೆದ ಊಟದ ಹೊತ್ತಿನ ಮಾತು ಅದು.

ಅದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಮೊದಲು ತಾಟುಗಳ ಸದ್ದು. "ಪಾಂಢರಾ ರಸ್ಸಾ ಇತ್ತ ಕೊಡಲೇ, ನಿಮ್ಮ ಮಾವಗ ಅಷ್ಟ ಮಾಡಿಸಿಲ್ಲ," ಎಂದು ಯಾರೋ ಕೂಗುತ್ತಾರೆ. ಮಟನ್ ಬೇಯಿಸಿದ ನೀರಿನಲ್ಲಿ ಮಾಡುವ ಬಿಳಿ ಸಾರಿಗೆ ಗಡಿಭಾಗದಲ್ಲಿ ಇದೇ ಹೆಸರು. ಆಮೇಲೆ ದಾದಾ ಅವರನ್ನು ಹೋಲುವ ಧ್ವನಿ: "ಒಂದ ಟ್ರ್ಯಾಕ್ಟರ್ ಸುಡ್ರಿ. ಹೆಸರ ಅವರ ಮ್ಯಾಲ ಬರ್ತೈತಿ. ಬ್ಯಾರೆ ಏನೂ ಮಾಡೂದ ಬ್ಯಾಡ." ಇನ್ನೊಬ್ಬ ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಾನೆ. "ನಗಿಸಬ್ಯಾಡ್ರಿ ದಾದಾ, ಎಲುಬ ಗಂಟಲಾಗ ಸಿಗ್ತೈತಿ." ಮುದ್ರಿಕೆ ಅಲ್ಲಿಗೆ ನಿಲ್ಲುತ್ತದೆ.

ಸೋರಿಕೆಯ ಬಗ್ಗೆ ದಾದಾ ಅವರ ಪಕ್ಷವೇ ಆಂತರಿಕ ತನಿಖೆ ಮಾಡಿಸಿತು. ತನಿಖೆ ನಡೆಸಿದವರು ದಾದಾ ಅವರಿಗೆ ಬೇಕಾದ ಒಬ್ಬ ವಕೀಲರು. ಆ ಬುಧವಾರ ಚಿಕ್ಕೋಡಿಯಲ್ಲಿ ಅವರು ಒಂದು ಪುಟದ ಪ್ರಕಟಣೆ ಹಂಚಿದರು. ಊಟದ ಪಂಕ್ತಿಯಲ್ಲಿ ಕುಳಿತಿದ್ದ ಎಲ್ಲರನ್ನೂ ವಿಚಾರಿಸಲಾಗಿದೆ, ಯಾರ ತಪ್ಪೂ ಇಲ್ಲ ಎಂದು ಅದರಲ್ಲಿತ್ತು. ಅಂದು ತೋಟಕ್ಕೆ ಬಂದು ಬೇಗ ಎದ್ದುಹೋದ ಪದಾಧಿಕಾರಿಯೊಬ್ಬರ ನಡವಳಿಕೆ ಮಾತ್ರ ಅನುಮಾನಕ್ಕೆ ಎಡೆ ಮಾಡಿದೆ ಎಂದೂ ಇತ್ತು. ಹೆಸರು ಇರಲಿಲ್ಲ.

"ವಕೀಲ್ರ, ಕ್ಲಿಪ್ ಖೊಟ್ಟಿ ಏನ್ರಿ?" ಎಂದು ಕೇಳಿದೆ.

"ನನಗ ಕೊಟ್ಟ ಕೆಲಸ ಸೋರಿಕಿ ತನಿಖಿ. ಮಾತಿಂದಲ್ಲ."

"ಎದ್ದ ಹೋದಾವ್ರು ರೆಕಾರ್ಡ್ ಹೆಂಗ ಮಾಡ್ಯಾರು?"

"ಮನಷ್ಯಾ ಎದ್ದ ಹೋದ್ರ ಫೋನೂ ಎದ್ದ ಹೋಗಬೇಕಂತ ಕಾಯ್ದೆ ಐತೇನ್ರಿ?" ಎಂದರು. ಹಿಂದಿನ ಸಾಲಿನಲ್ಲಿದ್ದ ಕಾರ್ಯಕರ್ತರು ನಕ್ಕರು.

ಪ್ರಕಟಣೆಯನ್ನು ಬೆಂಗಳೂರಿನಲ್ಲಿ ಓದಿದವರಿಗೆ ಬೇಗ ಎದ್ದುಹೋಗುವುದು ಸಂಶಯದ ಸಂಗತಿ ಎನ್ನಿಸಬಹುದು. ರಾಯಬಾಗ ತಾಲ್ಲೂಕಿನಲ್ಲಿ ಹಾಗಲ್ಲ. ಇಲ್ಲಿನ ಜೈನ ಮನೆತನಗಳಲ್ಲಿ ಸೂರ್ಯಾಸ್ತದ ನಂತರ ಉಣ್ಣದವರು ಬಹಳ. ಆದ್ದರಿಂದ ದೊಡ್ಡವರ ತೋಟದ ಊಟಗಳಲ್ಲಿ ಎರಡು ಒಲೆ, ಎರಡು ಪಂಕ್ತಿ. ಬೆಳಕಿರುವಾಗ ಜೈನ ಕಾರ್ಯಕರ್ತರಿಗೆ ಸಸ್ಯಾಹಾರದ ಪಂಕ್ತಿ. ಅವರು ಕೈ ತೊಳೆದು ಹೊರಟ ಮೇಲೆ ಹಿಂದಿನ ಅಂಗಳದ ಒಲೆಯಿಂದ ಮಟನ್ ಇಳಿಯುತ್ತದೆ. ಎದ್ದುಹೋದರೆ ಯಾರೂ ಯಾಕೆಂದು ಕೇಳುವುದಿಲ್ಲ. ಕುಳಿತುಕೊಂಡರೆ ಕೇಳಿಯಾರು.

ಪಕ್ಷದ ತಾಲ್ಲೂಕು ಕಾರ್ಯದರ್ಶಿ ಪಾಯಪ್ಪ ಜೈನರು; ಅಂದು ಮೊದಲ ಪಂಕ್ತಿಯಲ್ಲಿ ಉಂಡು ಎದ್ದ ಪದಾಧಿಕಾರಿ ಅವರೊಬ್ಬರೇ. ವಕೀಲರಿಗೂ ಇದು ಗೊತ್ತಿತ್ತು, ಹೊಡೆದವರಿಗೂ ಗೊತ್ತಿತ್ತು.

ಮರುದಿನ ಮಿರಜಿನ ಆಸ್ಪತ್ರೆಗೆ ಹೋದೆ. ಪಾಯಪ್ಪ ಅವರ ಎರಡೂ ಕಾಲುಗಳಿಗೆ ಸೊಂಟದವರೆಗೆ ಪಟ್ಟಿ ಕಟ್ಟಿದ್ದರು. ಕೆಳದವಡೆಯೂ ಸೀಳಿತ್ತು. ಮಾತನಾಡಿದವರು ಅವರ ಹೆಂಡತಿ ಸುನಂದಾ.

"ಫೋನ್ ಬಂದಿತ್ರಿ. ರವಿವಾರ ಸಂತ್ಯಾಗ ಮಂದಿ ಮುಂದ ತಪ್ಪಾತಂತ ಒಪ್ಪಬೇಕಂತ. ಒಪ್ಪಲಿಲ್ಲಂದ್ರ ಅಂಗಡಿಗೆ ಬೆಂಕಿ. ನಮ್ಮ ಮೈದುನ ಅಂಗಡಿ ಮ್ಯಾಲಿನ ಖೋಲ್ಯಾಗ ಮಲಗತಾನ್ರಿ, ಅದೂ ಅವರಿಗೆ ಗೊತ್ತ ಐತಿ."

"ಒಪ್ಪತಾರೇನ್ರಿ?"

ಅವರು ಹಾಸಿಗೆಯ ಕಡೆ ನೋಡಿದರು. "ಸಂತಿಗೆ ಹೊತ್ಕೊಂಡ ಹೋಗಬೇಕೇನ್ರಿ ಅಣ್ಣಾರ? ನಡಿಯಾಕ ಕಾಲ ಎಲ್ಲಿ ಇಟ್ಟಾರ?" ಆಮೇಲೆ ಸ್ವರ ತಗ್ಗಿಸಿ, "ಅವತ್ತ ಇವರ ಗಾಡಿ ಮ್ಯಾಲ ಪಾಲಬಾವಿ ಆದಪ್ಪ ಕಾಕಾ ಇದ್ರು. ಅವರನ್ನ ಕೇಳ್ರಿ," ಎಂದರು.

ಆದಪ್ಪ ಪಾಲಬಾವಿಯ ರೈತ, ಪಕ್ಷದ ಹಳೆಯ ಕಾರ್ಯಕರ್ತ. ನನ್ನನ್ನು ಕಂಡೊಡನೆ ಎಮ್ಮೆಗೆ ಮೇವು ಹಾಕುವ ನೆಪದಲ್ಲಿ ಬೆನ್ನು ತಿರುಗಿಸಿದರು. ಬೆನ್ನು ತಿರುಗಿಸಿಯೇ ಮಾತನಾಡಿದರು.

"ನೀವ ಬರದ ಹೋಗ್ತೀರಿ. ನಾ ಇಲ್ಲೇ ಇರಾಂವ."

"ಕ್ಲಿಪ್ಪಿನ ಮಾತು ನಡೆದಾಗ ಪಾಯಪ್ಪ ಎಲ್ಲಿದ್ರು, ಅಷ್ಟ ಹೇಳ್ರಿ."

"ನನ್ನ ಹಿಂದ ನಿಂತ ಬೈಯಾಕತ್ತಿದ್ದ." ಮೊದಲ ಬಾರಿ ಅವರ ಭುಜಗಳು ಸಡಿಲಾದವು. "ಗಾಡಿ ಪಂಕ್ಚರ್ ಆತ್ರಿ, ಊರ ಇನ್ನೂ ದೂರ. 'ನೀ ಹಿಂದ ಕುಂತ ಮ್ಯಾಲ ಟಾಯರ್ ಹೆಂಗ ತಡೀಬೇಕು ಕಾಕಾ,' ಅಂದ. ನನ್ನ ಫೋನ್ ಬಂದ್ ಆಗಿತ್ತು. ಅವನ ಫೋನಿನಿಂದ ಮಗಳಿಗೆ ಹಚ್ಚಿ, ಅಳಿಯಾನ ಕಳಸು ಅಂದೆ. ಕತ್ತಲಾಗಿತ್ತು."

ಪಾಯಪ್ಪ ಅವರ ಫೋನನ್ನು ಹಲ್ಲೆಯ ದಿನ ಕಲ್ಲಿನಿಂದ ಜಜ್ಜಿದ್ದರು. ಆದರೆ ಆ ಕರೆ ಆದಪ್ಪ ಅವರ ಮಗಳ ಫೋನಿನಲ್ಲಿ ಉಳಿದಿತ್ತು. ಮಗಳೇ ಅದನ್ನು ತೆಗೆದು ತೋರಿಸಿದರು. ದಿನವೂ ಹೊತ್ತೂ ಸರಿಯಾಗಿದ್ದವು. ತೋಟದಲ್ಲಿ ಎರಡನೇ ಪಂಕ್ತಿ ಕುಳಿತಾಗ ಪಾಯಪ್ಪ ಅವರೂ ಅವರ ಫೋನೂ ಪಾಲಬಾವಿಯ ರಸ್ತೆಯಲ್ಲಿದ್ದರು.

ಹೆಸರಿಲ್ಲದ ಹೇಳಿಕೆಯನ್ನು ನಮ್ಮ ಡೆಸ್ಕ್ ಇಂಥ ಸುದ್ದಿಗೆ ಒಪ್ಪುತ್ತಿರಲಿಲ್ಲ. ಅದನ್ನು ಹೇಳಿದೆ. ಆದಪ್ಪ ಮೇವಿನ ಬುಟ್ಟಿ ಕೆಳಗಿಟ್ಟು ತಿರುಗಿದರು.

"ಬರೀರಿ. ಅಡ್ಡ ಹೆಸರ ಹಾಕಿನ ಬರೀರಿ. ಊರಾಗ ಆದಪ್ಪ ಅನ್ನಾವ್ರು ಬಾಳ ಮಂದಿ ಅದಾರ. ಪಾಪ, ಬ್ಯಾರೆದಾವ ಬಡಿಸಿಕೊಂಡಾನು."

ಸೋರಿಕೆಯ ತನಿಖೆಗಳನ್ನು ಓದುವಾಗ ಈ ವೃತ್ತಿ ನನಗೆ ಕಲಿಸಿದ್ದು ಇದು: ಯಾರತ್ತ ಬೆರಳು ತೋರಿಸಿದ್ದಾರೆ ಎನ್ನುವುದಕ್ಕಿಂತ ಮೊದಲು ಯಾರನ್ನು ಬಿಟ್ಟಿದ್ದಾರೆ ಎಂದು ನೋಡಬೇಕು. ರಸ್ಸಾ ಬಡಿಸುವಾಗಿನ ಆ ಮಾತು ನಡೆದದ್ದು ಎರಡನೇ ಪಂಕ್ತಿಯಲ್ಲಿ. ಆ ಪಂಕ್ತಿಯಲ್ಲಿದ್ದವರನ್ನೆಲ್ಲ ಪ್ರಕಟಣೆ ಬಿಟ್ಟಿತ್ತು. ಅದು ಆರೋಪಿಯನ್ನು ಹುಡುಕಿದ್ದು ಆ ಮಾತು ಕಿವಿಗೆ ಬೀಳಲು ಸಾಧ್ಯವೇ ಇಲ್ಲದವರ ನಡುವೆ. ಮಾತು ಸುಳ್ಳು ಎಂದು ಅದು ಎಲ್ಲಿಯೂ ಹೇಳಿರಲಿಲ್ಲ.

ಶನಿವಾರ ವರದಿ ಪ್ರಕಟವಾಯಿತು. ಎರಡು ಪಂಕ್ತಿಯ ರೂಢಿ, ಆದಪ್ಪ ಅವರ ಹೇಳಿಕೆ, ಮಗಳ ಫೋನಿನ ಕರೆ, ವಕೀಲರ ಉತ್ತರ, ಎಲ್ಲವೂ ಇದ್ದವು. ಯಾರು ಸೋರಿಕೆ ಮಾಡಿದರು ಎಂದು ನಾವು ಬರೆಯಲಿಲ್ಲ, ನಮಗೆ ಗೊತ್ತಿರಲಿಲ್ಲ. ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯವಿತ್ತು: ಎರಡನೇ ಪಂಕ್ತಿಯಲ್ಲಿ ದಾದಾ ಅವರ ಹತ್ತಿರದ ಸಂಬಂಧಿಕರು ಮಾತ್ರ ಇದ್ದರು. ಅದನ್ನು ಇಬ್ಬರಿಂದ ಖಚಿತಪಡಿಸಿಕೊಂಡಿದ್ದೆ.

ರವಿವಾರ ಸಂತೆ ಎಂದಿನಂತೆ ನಡೆಯಿತು. ಪಾಯಪ್ಪ ಅವರ ಅಂಗಡಿಗೆ ಬೆಂಕಿ ಇಡಲು ಯಾರೂ ಬರಲಿಲ್ಲ.

ಸೋಮವಾರ ಮುಂಜಾನೆ, ಉಗಾರ ಖುರ್ದದ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ ಗಾಡಿಯವರು ರಸ್ತೆ ಬದಿಯ ಗದ್ದೆಯಲ್ಲಿ ನರಳುವ ಸದ್ದು ಕೇಳಿ ಗಾಡಿ ನಿಲ್ಲಿಸಿದರು. ಕಡಿದ ಕಬ್ಬಿನ ಕೂಳೆಗಳ ನಡುವೆ ದಾದಾ ಅವರ ಸೋದರಳಿಯ ರಾಜು ಬಿದ್ದಿದ್ದರು. ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಬಲಗೈಯ ಬೆರಳುಗಳು ಹೋಗಿದ್ದವು, ಹೆಬ್ಬೆರಳೊಂದು ಉಳಿದಿತ್ತು. ಕಬ್ಬು ಕಡಿಯುವ ಕೊಯ್ತಾ ಪಕ್ಕದಲ್ಲೇ ಬಿದ್ದಿತ್ತು. ಜಿಲ್ಲಾ ಪಂಚಾಯತಿ ಟಿಕೆಟ್ ಬೇಡಿ ಸಿಗದ ಮೇಲೆ ಮಾವನೊಂದಿಗೆ ಅವರ ಮಾತು ನಿಂತಿತ್ತು. ಆದರೂ ಮುದ್ರಿಕೆಯ ಆ ಸಂಜೆ ಅವರು ಎರಡನೇ ಪಂಕ್ತಿಯಲ್ಲಿ ಬಡಿಸುತ್ತಿದ್ದರು ಎಂಬುದು ಊರಿಗೆ ಗೊತ್ತಿತ್ತು.

ಕಬ್ಬು ಕಡಿಯುವಾಗ ಕೈಗೆ ತಾಗಿತು ಎಂದು ರಾಜು ಪೊಲೀಸರಿಗೆ ಹೇಳಿಕೆ ಕೊಟ್ಟರು. ಆಸ್ಪತ್ರೆಯಲ್ಲಿ ಅವರನ್ನು ಕಂಡೆ.

"ನೀವ್ ಯಾವಾಗ ಕಬ್ಬ ಕಡದೀರಿ?"

"ಮೊನ್ನೆ ಕಲಿಯಾಕ ಹೋಗಿದ್ನಿ," ಎಂದರು. ಪಟ್ಟಿ ಸುತ್ತಿದ ಕೈ ಎತ್ತಿ ಬಾಗಿಲು ತೋರಿಸಿದರು. "ನೀವು ಯಾರ ಹೆಸರೂ ಬರದಿಲ್ಲಂತ ಮಂದಿ ಅಂದ್ರು. ಚೊಲೋ ಆತು. ಇನ್ನ ಮುಂದ ಏನೂ ಬರೀಬ್ಯಾಡ್ರಿ."

ಅವರ ಹೇಳಿಕೆಯನ್ನೂ, ಇದು ಕೈ ತಪ್ಪಿ ಆದ ಗಾಯವಲ್ಲ ಎಂಬ ವೈದ್ಯರ ವಿವರಣೆಯನ್ನೂ ಒಂದರ ಪಕ್ಕ ಒಂದಿಟ್ಟು ಮರುದಿನ ಸುದ್ದಿ ಕಳಿಸಿದೆ. ಪ್ರಕಟವಾಯಿತು. ಮುದ್ರಿಕೆ ಮಾಡಿದವರು ರಾಜು ಅವರೇ ಎಂಬುದಕ್ಕೆ ಅಂದೂ ಪುರಾವೆ ಇರಲಿಲ್ಲ, ಇಂದೂ ಇಲ್ಲ.

ಪಾಯಪ್ಪ ಅವರ ಮೇಲೆ ಹಲ್ಲೆ ಮಾಡಿದ ಮೂವರಿಗೆ ಜಾಮೀನು ಸಿಕ್ಕಿದೆ. ಪೊಲೀಸರು ಧ್ವನಿ ಪರೀಕ್ಷೆಗೆ ಕಳಿಸಿದ ಮುದ್ರಿಕೆಯ ವರದಿ ಇನ್ನೂ ಬಂದಿಲ್ಲ. ಟ್ರ್ಯಾಕ್ಟರಿಗೆ ಬೆಂಕಿ ಇಟ್ಟ ಮೊಕದ್ದಮೆ ಈಗಲೂ ಹೋರಾಟಗಾರರ ಮೇಲೆಯೇ ಇದೆ. ಈ ಹಂಗಾಮಿನ ಆರಂಭಕ್ಕೆ ದಾದಾ ಅವರ ತೋಟದಲ್ಲಿ ಮತ್ತೆ ಊಟ ನಡೆಯಿತು. ಎರಡೂ ಒಲೆ ಹೊತ್ತಿಸಿದ್ದರು. ಬಾಗಿಲಲ್ಲಿ ಎಲ್ಲರ ಫೋನು ಇಸಿದುಕೊಂಡು ಬುಟ್ಟಿಯಲ್ಲಿ ಇಟ್ಟರು. ಪಾಯಪ್ಪ ಅವರಿಗೂ ಕರೆ ಹೋಗಿತ್ತು. ಅವರು ಕೋಲು ಊರಿಕೊಂಡು ಬಂದು ಮೊದಲ ಪಂಕ್ತಿಯಲ್ಲಿ ಕುರ್ಚಿ ಹಾಕಿಸಿಕೊಂಡು ಉಂಡರು, ಹೊತ್ತು ಮುಳುಗುವ ಮೊದಲು ಎದ್ದುಹೋದರು.