ಹೊನ್ನಕಟ್ಟಿಯ ಉಸುಕು, ಸಯನ್ನಿನ ಶೇಂಗಾ

ಮುಂಬಯಿಯ ಸಯನ್ ಸ್ಟೇಶನ್ನಿನ ಹಿಂದಿನ ಚಾಳಿನಲ್ಲಿ ಅಕ್ಬರಬಿಯೊಬ್ಬಳೇ ಕಸವನ್ನು ತೊಳೆದು ಆಮೇಲೆ ಚೆಲ್ಲುವವಳು. ನಸುಕಿನ ನಮಾಜು ಮುಗಿಸಿದ ಕೂಡಲೇ ತನ್ನ ಬಾಗಿಲಿನಿಂದ ಹಿಡಿದು ನಲ್ಲಿಯವರೆಗೂ ಇಡೀ ಗ್ಯಾಲರಿಯನ್ನು ಗುಡಿಸುವಳು. ಬಂದ ಧೂಳನ್ನು ಮರಿಗೆಗೆ ಹಾಕಿ, ನೀರು ಬಿಟ್ಟು, ಮೆಲ್ಲಗೆ ತಿರುಗಿಸುವಳು. ಮರಿಗೆ ಅವಳ ತವರಿನದು, ಒಂದೇ ಮರದ ತುಂಡಿನಲ್ಲಿ ಕೊರೆದ ದೋಣಿಯಂಥ ಪಾತ್ರೆ. ಹಗುರವಾದದ್ದೆಲ್ಲ ನೀರಿನ ಜೊತೆ ಹೋಗಿ, ತೂಕದ್ದು ತಳದಲ್ಲಿ ಉಳಿಯುತ್ತಿತ್ತು. ಉಳಿಯುವುದಾದರೂ ಏನು? ಒಂದು ಗುಂಡುಸೂಜಿ, ಅಂಗಿಯ ಗುಂಡಿ, ಯಾರದೋ ಬಳೆಯ ಚೂರು. ಅದನ್ನು ಕಣ್ತುಂಬ ನೋಡಿದ ಮೇಲೆಯೇ ಚೆಲ್ಲುವುದು. ಜ್ವರ ಬಂದರೂ ಇದು ತಪ್ಪಲಿಲ್ಲ. ಗಂಡ ಅಮೀರಸಾಬ ತೀರಿಕೊಂಡ ಮೇಲೂ, ದುಃಖದ ದಿನಗಳಲ್ಲೂ ತಪ್ಪಲಿಲ್ಲ.

ಪಕ್ಕದ ಖೋಲಿಯ ನೀಲಾವತಿ ಉಡುಪಿಯ ಕಡೆಯವಳು. ಹಲ್ಲುಜ್ಜುತ್ತಲೇ ಕೆಣಕುವಳು.

"ಎಂತ ಬೀಬಕ್ಕ, ಇವತ್ತು ಎಷ್ಟು ತೊಲ ಸಿಕ್ಕಿತು?"

"ನಿನ್ನ ತಲಿಗೂದಲಾ ಸಿಕ್ಕಾವ ನೋಡ ನೀಲವ್ವಾ, ಕೊಬ್ಬರಿ ಎಣ್ಣಿ ಸುದ್ದಾ. ಇದರ ಜಿಡ್ಡ ತಗೀಬೇಕಂದ್ರ ಅಂಟುವಾಳಕಾಯಿ ನೆನಿ ಹಾಕಬೇಕು."

"ಅಂಟುವಾಳ ಕೊಡುವವಳೂ ನಾನೇ ಅಲ್ವಾ ಮಾರಾಯ್ತಿ? ಊರಿಂದ ಚೀಲಗಟ್ಟಲೆ ತಂದದ್ದು ಸೀರೆ ತೊಳೆಯಲಿಕ್ಕೆ, ನಿನ್ನ ಕಸ ತೊಳೆಯಲಿಕ್ಕಲ್ಲ."

ಹೀಗೆ ನಗುನಗುತ್ತ ಅವರ ದಿನ ಶುರುವಾಗುತ್ತಿತ್ತು.

ಅಕ್ಬರಬಿಯ ತವರು ಹೊನ್ನಕಟ್ಟಿ, ಗದಗಿನಾಚೆ ಕಪ್ಪತಗುಡ್ಡದ ಬುಡದ ಸಣ್ಣ ಊರು. ಅವಳ ಅಜ್ಜನ ಕಾಲದಲ್ಲಿ ಬಿಳಿಯ ಗೋರಾಗಳ ಕಂಪನಿಯೊಂದು ಬಂದು ಅಲ್ಲಿ ಚಿನ್ನದ ಗಣಿ ತೋಡಿತ್ತಂತೆ. ಕೋಲಾರದ ಕಡೆಯಿಂದ ಕೂಲಿಗಳು ಬಂದರು, ಬಜಾರು ಬಂತು, ಊರಿಗೆ ಎತ್ತರದ ಚಿಮಣಿ ಬಂತು. ಬಂದಷ್ಟೇ ಬೇಗ ಎಲ್ಲ ಹೋಯಿತು. ಗಣಿಯ ಬಾವಿಗಳಲ್ಲಿ ನೀರು ನಿಂತು ಎಮ್ಮೆ ಮೀಯುವಂತಾಯಿತು. ಮಂದಿ ಕೆಲಸ ಹುಡುಕಿಕೊಂಡು ಕೆಲವರು ಹಟ್ಟಿಯ ಗಣಿಗೆ, ಕೆಲವರು ಕೋಲಾರಕ್ಕೆ, ಉಳಿದವರು ಮುಂಬಯಿಗೆ ಚದುರಿದರು. ಅಕ್ಬರಬಿಯವರು ಜಾಲಗಾರ ಮಂದಿ. ಕಂಪನಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ಹಳ್ಳದ ಉಸುಕನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದವರು. "ಕಂಪನಿ ಗುಡ್ಡ ಕೊರದು ಕೊರದು ದಣದು ಹೋತು, ನಮ್ಮ ಹಳ್ಳ ಇದ್ದಲ್ಲೇ ಐತಿ" ಎಂದು ಅವಳ ತಂದೆ ಹೇಳುತ್ತಿದ್ದರು. ಮದುವೆಯಾಗಿ ಮುಂಬಯಿಗೆ ಬಂದ ಅಕ್ಬರಬಿಗೆ ಹಳ್ಳ ಎಲ್ಲಿಂದ ಸಿಗಬೇಕು? ದಾದರಿನ ಅಕ್ಕಸಾಲಿಗರ ಗಲ್ಲಿಯೇ ಅವಳ ಹಳ್ಳವಾಯಿತು. ಅಂಗಡಿಗಳ ಕಸ ತೊಳೆದು, ಅರದಿಂದ ಉದುರಿದ ಚಿನ್ನದ ಪುಡಿಯನ್ನು ತೆಗೆದುಕೊಟ್ಟು, ಮಗಳು ರಶೀದಾಳನ್ನು ಸಾಕಿದಳು.

ಎಪ್ಪತ್ತನೇ ಇಸವಿಯ ಮಳೆಗಾಲ ಮುಗಿಯುತ್ತಿದ್ದಂತೆ ರಶೀದಾಳಿಗೆ ಸಂಬಂಧ ಕೂಡಿಬಂತು. ಹುಡುಗ ಬಾಷಾ, ಹೊನ್ನಕಟ್ಟಿಯವನೇ, ಭಾಂಡುಪಿನ ಕಾರ್ಖಾನೆಯಲ್ಲಿ ಫಿಟರ್. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು, ಒಪ್ಪಿದ್ದು ಹಿರಿಯರಿಗೆ ತಿಳಿಯುವುದಕ್ಕಿಂತ ಮೊದಲೇ. ಉಳಿದದ್ದು ಹಳ್ಳದ ಒಪ್ಪಿಗೆ ಮಾತ್ರ.

ಜಾಲಗಾರರಲ್ಲಿ ಅದೊಂದು ರಿವಾಜು. ಗಂಡಿನ ಕಡೆಯವರು ಮಳೆ ನಿಂತ ಮೇಲೆ ಹಳ್ಳದ ಉಸುಕು ತರುತ್ತಾರೆ. ಎರಡೂ ಕಡೆಯವರ ಎದುರಿನಲ್ಲಿ ಹುಡುಗಿ ಅದನ್ನು ತೊಳೆಯಬೇಕು. ತಾಯಿ ನೀರು ಹೊಯ್ಯಬಹುದೇ ಹೊರತು ಮರಿಗೆ ಮುಟ್ಟುವಂತಿಲ್ಲ, ಮಾತೂ ಆಡುವಂತಿಲ್ಲ. ಒಂದೇ ಒಂದು ಕಣ ಹೊಳೆದರೂ ಹಳ್ಳ ಒಪ್ಪಿದ ಹಾಗೆ. ಹೊಳೆಯದಿದ್ದರೆ ಮುಂದಿನ ಮಳೆ ಹೊಸ ಉಸುಕು ತರುವವರೆಗೆ ಕಾಯಬೇಕು. ಇದು ದೇವರ ಹುಕುಮಿಗೆ ಬೇರೆಯೆಂದು ಅವರಾರಿಗೂ ಅನಿಸಿರಲಿಲ್ಲ. ಹಳ್ಳಕ್ಕೆ ನೀರು ಬಿಡುವವನು ಅವನೇ ತಾನೆ?

ಅಕ್ಬರಬಿಗೆ ಹೆದರಿಕೆ ಇದ್ದದ್ದು ಆ ಕಾಯುವ ವರ್ಷದ್ದು. ಹಳ್ಳದಲ್ಲೇ ಆಡಿ ಬೆಳೆದ ಹುಡುಗಿಯರು ಊರಲ್ಲಿ ಇದ್ದರು. "ಬೊಂಬಾಯಿ ಹುಡುಗಿಗೆ ಮರಿಗಿ ಹಿಡ್ಯಾಕ ಬರತೈತೇನು?" ಎಂದು ಬಾಷಾನ ತಾಯಿ ಹಲೀಮಾ ಆಗಲೇ ಆಡಿದ್ದು ಕಿವಿಗೆ ಬಿದ್ದಿತ್ತು. ವರ್ಷ ತಡವಾದರೆ ಸಂಬಂಧ ಕೈಬಿಟ್ಟಂತೆಯೇ.

ಬಾಷಾನ ತಂದೆ ಜಮಾಲಸಾಬ ಡಾಲ್ಡಾ ಡಬ್ಬಿಯ ತುಂಬ ಉಸುಕು ಹೊತ್ತುಕೊಂಡು, ಹಲೀಮಾಳನ್ನೂ ಕರೆದುಕೊಂಡು, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ದಾದರಿಗೆ ಬಂದಿಳಿದರು. ಇಳಿದುಕೊಂಡದ್ದು ಮಗನ ಖೋಲಿಯಲ್ಲಿ. ಆದಿತ್ಯವಾರ ತೊಳೆಯುವ ಮೊದಲು ಉಸುಕು ಹುಡುಗಿಯ ಮನೆಯ ಗಾಳಿಯಲ್ಲಿ ಒಂದೆರಡು ದಿನ ಇರಬೇಕೆಂದು ಡಬ್ಬಿಯನ್ನು ಬಾಷಾ ಶುಕ್ರವಾರವೇ ಲೋಕಲಿನಲ್ಲಿ ತಂದು ಕೊಟ್ಟುಹೋದ. ಒಳಗೆ ಜಾಗವಿಲ್ಲದೆ ಅಕ್ಬರಬಿ ಅದನ್ನು ಗ್ಯಾಲರಿಯಲ್ಲಿ, ತನ್ನ ಬಾಗಿಲಿಗೂ ನೀಲಾವತಿಯ ಬಾಗಿಲಿಗೂ ನಡುವೆ ಇಟ್ಟಳು.

ನೀಲಾವತಿಯ ಗಂಡ ಪೂವಪ್ಪ ಬೆಳಿಗ್ಗೆ ಮಾಟುಂಗಾದ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಸಂಜೆ ಸಯನ್ ಸ್ಟೇಶನ್ನಿನ ಎದುರು ಗಾಡಿಯಲ್ಲಿ ಶೇಂಗಾ ಹುರಿದು ಮಾರುವನು. ಶೇಂಗಾ ಹುರಿಯುವುದು ಬಿಸಿ ಮರಳಿನಲ್ಲಿ. ಹಳೆಯ ಮರಳು ಮಸಿಯಾಯಿತೆಂದು ಅವನು ಪಕ್ಕದ ಬಿಲ್ಡಿಂಗ್ ಕೆಲಸದ ಗೌಂಡಿಗೆ, "ಒಂದು ಡಬ್ಬಿ ಒಳ್ಳೆ ಹೊಯಿಗೆ ಬಾಗಿಲ ಹತ್ತಿರ ಇಟ್ಟು ಹೋಗು" ಎಂದು ಹೇಳಿಬಂದಿದ್ದ. ಶನಿವಾರ ಸಂಜೆ ನೋಡಿದರೆ ಡಬ್ಬಿ ಬಾಗಿಲಲ್ಲೇ ಕೂತಿದೆ!

ಆದಿತ್ಯವಾರ ಬೆಳಿಗ್ಗೆ ಗುಡಿಸಲು ಬಂದ ಅಕ್ಬರಬಿಗೆ ಡಬ್ಬಿ ಕಾಣಲಿಲ್ಲ. ಅವಳ ಕೂಗಿಗೆ ಪೂವಪ್ಪ ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಬಂದ.

"ಹೊಯಿಗೆಯಾ? ಅದು ನನ್ನದಲ್ವಾ? ನಿನ್ನೆ ಅದರಲ್ಲೇ ಹುರಿದದ್ದು. ಎಂಥ ಹೊಯಿಗೆ ಬೀಬಕ್ಕ! ಒಂದು ಕಾಳೂ ಸೀಯಲಿಲ್ಲ!"

ಅದು ಹಳ್ಳದ ಉಸುಕೆಂದು ಅಕ್ಬರಬಿ ಹೇಳಿದಳು. ವಿಷಯ ತಿಳಿದ ನೀಲಾವತಿ ಗಂಡನಿಗೆ ತುಳುವಿನಲ್ಲಿ ಬೈದದ್ದು ಮೇಲಿನ ಮಾಳಿಗೆಯವರಿಗೂ ಕೇಳಿಸಿತು. ಪೂವಪ್ಪ ಗಾಡಿಯ ಹತ್ತಿರ ಓಡಿ, ಬಾಣಲೆಯಲ್ಲಿದ್ದ ಉಸುಕನ್ನೆಲ್ಲ ಬಳಿದು ತಂದ. ಕಪ್ಪಗಾಗಿತ್ತು, ಸಿಪ್ಪೆ ಬೆರೆತಿತ್ತು, ಅರ್ಧಕ್ಕರ್ಧ ಚೆಲ್ಲಿಹೋಗಿತ್ತು.

ಅಷ್ಟರಲ್ಲಿ ಜಮಾಲಸಾಬ, ಹಲೀಮಾ ಮತ್ತು ಬಾಷಾ ಮೆಟ್ಟಿಲು ಹತ್ತಿ ಬಂದರು. ಮುಚ್ಚಿಡುವುದು ಅಕ್ಬರಬಿಗೆ ಗೊತ್ತಿರಲಿಲ್ಲ. ಮುಚ್ಚಿಡಲು ಆಗುತ್ತಲೂ ಇರಲಿಲ್ಲ.

"ಬೀಗತಿ, ಉಸುಕಿನಾಗ ಶೇಂಗಾ ವಾಸನಿ ಬರಾಕತ್ತೈತಲ್ಲ?" ಎಂದರು ಜಮಾಲಸಾಬ, ಮೂಗರಳಿಸಿ.

ಅವಳು ಆದದ್ದನ್ನು ಆದ ಹಾಗೆ ಹೇಳಿದಳು. ಪೂವಪ್ಪ ಒಂದು ಬುಟ್ಟಿ ಶೇಂಗಾ ಮುಂದಿಟ್ಟು ಕೈಮುಗಿದು ನಿಂತ. ಜಮಾಲಸಾಬರು ಅವನನ್ನು ನೋಡಿದರು, ಬುಟ್ಟಿಯನ್ನು ನೋಡಿದರು. ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು ಕೆಮ್ಮು ಬರುವ ತನಕ ನಕ್ಕರು.

"ನಮ್ಮಜ್ಜನ ಕಾಲಕ್ಕ ಗೋರಾಗೋಳು ಬಂಗಾರಕ್ಕಂತ ಕಲ್ಲ ಹುರದ್ರು. ಈಗ ಉಡುಪಿಯವ್ರು ಉಸುಕ ಹುರದ್ರು! ಇರಲಿ. ಹಸೀದರ ಆಗ್ಲಿ, ಹುರದದ್ದರ ಆಗ್ಲಿ, ಹಳ್ಳದ ಮಾತು ಹಳ್ಳದ್ದು. ತೊಳೀಲಿ ಹುಡುಗಿ."

ಹಲೀಮಾ ಮಾತ್ರ ನಗಲಿಲ್ಲ.

ನಲ್ಲಿಯ ಕಟ್ಟೆಯ ಮೇಲೆ ರಶೀದಾ ದುಪಟ್ಟಾ ಸೊಂಟಕ್ಕೆ ಬಿಗಿದು ಕುಳಿತಳು. ಇಡೀ ಚಾಳು ಗ್ಯಾಲರಿಯಲ್ಲಿ ನೆರೆದಿತ್ತು. ಮೊದಲ ಮರಿಗೆಯಲ್ಲಿ ಸಿಪ್ಪೆ ಹೋಯಿತು, ಮಣ್ಣು ಹೋಯಿತು, ಕೊನೆಗೆ ಕರಿ ಉಸುಕಿನ ಒಂದು ಗೆರೆ ಉಳಿಯಿತು. ಹೊಳಪಿಲ್ಲ. ಎರಡನೆಯದರಲ್ಲೂ ಇಲ್ಲ. ಡಬ್ಬಿಯಲ್ಲಿ ಇನ್ನು ಉಳಿದದ್ದು ಕೊನೆಯ ಬೊಗಸೆ.

ಹಿಂದೆ ನಿಂತಿದ್ದ ಅಕ್ಬರಬಿಯ ಕೈಯನ್ನು ಯಾರೋ ಹಿಡಿದರು. ನೀಲಾವತಿ. ಅಂಗೈಗೆ ಏನೋ ಒತ್ತಿ ಪಿಸುಗುಟ್ಟಿದಳು. "ನನ್ನ ಮುರಿದ ಬೆಂಡೋಲೆಯ ಚೂರು. ನೀರು ಹೊಯ್ಯುವ ನೆವದಲ್ಲಿ ಹಾಕಿಬಿಡು ಅಕ್ಕ. ದೇವರಾಣೆಗೂ ಯಾರಿಗೂ ಗೊತ್ತಾಗುವುದಿಲ್ಲ."

ಅಕ್ಬರಬಿ ಮುಷ್ಟಿ ಬಿಗಿದಳು. ಚೂರು ಅಂಗೈಯಲ್ಲಿ ಚುಚ್ಚುತ್ತಿತ್ತು. ಮಗಳು ಕೊನೆಯ ಬೊಗಸೆಯನ್ನು ಮರಿಗೆಗೆ ಸುರಿದು ನೀರಿನಲ್ಲಿ ಕಲಸುತ್ತಿದ್ದಳು. ಒಂದೇ ಹೆಜ್ಜೆ, ಒಂದೇ ಚೊಂಬು ನೀರು. ಕಾಲು ಎತ್ತಿದಳು ಕೂಡ. ಎತ್ತಿದ ಕಾಲನ್ನು ಹಾಗೆಯೇ ಇಳಿಸಿದಳು. "ನೀನೇ ನೋಡಿಕೋ ಮಾಲಕ" ಎಂದು ಮನಸ್ಸಿನಲ್ಲೇ ಅಂದು ಕಣ್ಣು ಮುಚ್ಚಿದಳು.

"ಏ ಅಮ್ಮಿ, ಪಾನಿ ಮ್ಯಾಲೆ ತೇಲ್ ಐತಿ!"

ರಶೀದಾ ಮರಿಗೆಯನ್ನು ಬೆಳಕಿಗೆ ಓರೆ ಹಿಡಿದಿದ್ದಳು. ನೀರಿನ ಮೇಲೆ ಎಣ್ಣೆಯ ಬಣ್ಣ ಆಡುತ್ತಿತ್ತು. ಶೇಂಗಾದ ಜಿಡ್ಡು! ಜಿಡ್ಡಿದ್ದರೆ ಸಣ್ಣ ಕಣ ಮುಳುಗದೆ ನೀರಿನ ಜೊತೆ ತೇಲಿಹೋಗುತ್ತದೆ. ಅಕ್ಬರಬಿಗೆ ಅದಕ್ಕೆ ಉಪಾಯ ಗೊತ್ತಿತ್ತು. ಆದರೆ ತಾಯಿ ಮಾತಾಡುವಂತಿಲ್ಲ. ಆಡುವ ಅಗತ್ಯವೂ ಬೀಳಲಿಲ್ಲ.

"ನೀಲಾಮೌಸಿ!" ಎಂದು ಕೂಗಿದಳು ರಶೀದಾ. "ನಿಮ್ಮ ತಲಿಗೂದಲಿಗೆ ಹಾಕ್ತಾಳಲ್ಲ ಅಮ್ಮಿ, ಅದು ಕೊಡ್ರಿ. ಅಂಟುವಾಳ! ಜಲ್ದಿ!"

ಚಾಳೆಲ್ಲ ಗೊಳ್ಳೆಂದಿತು. ನೀಲಾವತಿ ಕೂದಲು ಮುಟ್ಟಿಕೊಳ್ಳುತ್ತಲೇ ಒಳಗೆ ಓಡಿ, ನೆನೆಹಾಕಿದ್ದ ಅಂಟುವಾಳದ ನೀರನ್ನೇ ತಂದಳು. ರಶೀದಾ ಕೊನೆಯ ಬೊಗಸೆಯನ್ನು ನೊರೆಯಲ್ಲಿ ಚೆನ್ನಾಗಿ ಉಜ್ಜಿದಳು. ಮತ್ತೆ ತಿಳಿನೀರು ಬಿಟ್ಟಳು. ದಿನಾ ಬೆಳಿಗ್ಗೆ ಕಣ್ಣುಜ್ಜಿಕೊಂಡು ಹೊಸ್ತಿಲಲ್ಲಿ ಕುಳಿತು ನೋಡಿದ್ದ ತಾಯಿಯ ಆ ತಿರುವು ಅವಳ ಮಣಿಕಟ್ಟಿಗೆ ತಾನಾಗಿ ಬಂದಿತ್ತು. ಕರಿ ಉಸುಕು ಸರಿದು ಸರಿದು ತೆಳುವಾಯಿತು. ಅದರ ಬಾಲದ ತುದಿಯಲ್ಲಿ, ಸಾಸಿವೆಯ ಕಾಲು ಭಾಗದಷ್ಟು, ಹಳದಿ.

ಮೊದಲು ಎದ್ದವಳು ಹಲೀಮಾ. ಮರಿಗೆಯ ಮೇಲೆ ಬಗ್ಗಿ ನೋಡಿದಳು, ಬೆರಳ ತುದಿಯಿಂದ ಮುಟ್ಟಿದಳು. "ಯವ್ವಾ! ನಾ ಮದಿವಿಯಾಗುವಾಗ ಇಷ್ಟೂ ಸಿಕ್ಕಿರಲಿಲ್ಲ" ಎಂದು ಸೊಸೆಯ ಒದ್ದೆ ಕೈಯನ್ನೇ ಕಣ್ಣಿಗೊತ್ತಿಕೊಂಡಳು. ಜಮಾಲಸಾಬರು ಪೂವಪ್ಪನ ಬೆನ್ನು ಚಪ್ಪರಿಸಿ, "ಇನ್ನ ಮ್ಯಾಲೆ ನಮ್ಮ ಮಂದ್ಯಾಗ ಉಸುಕ ಹುರದ ತೊಳೀಬೇಕು ಅಂತ ರಿವಾಜ ಮಾಡಿಬಿಡೋಣ" ಎಂದರು. ಬಾಷಾ ಶೇಂಗಾ ಬುಟ್ಟಿಯನ್ನು ಎತ್ತಿಕೊಂಡು ಇಡೀ ಗ್ಯಾಲರಿಗೆ ಹಂಚುತ್ತ ಹೋದ. ಹಂಚುತ್ತ ಹಂಚುತ್ತ ನಲ್ಲಿಯ ಕಟ್ಟೆಯ ಹತ್ತಿರ ಬಂದವನು ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಗದ್ದಲದಲ್ಲಿ ನೀಲಾವತಿ ಮತ್ತೆ ಪಕ್ಕಕ್ಕೆ ಬಂದಳು. ಅಕ್ಬರಬಿ ಮುಷ್ಟಿ ಬಿಚ್ಚಿದಳು. ಚೂರು ಬೆವರಿಗೆ ಅಂಟಿಕೊಂಡು ಅಲ್ಲೇ ಇತ್ತು.

"ನೀನು ಇಟ್ಟುಕೋ ಅಕ್ಕ, ಈಗ ಕದ್ದು ಕೊಡುವುದಲ್ಲವಲ್ಲ. ಆ ಕಣಕ್ಕೆ ಇದನ್ನು ಸೇರಿಸಿ ಹುಡುಗಿಗೆ ಒಂದು ಮೂಗುಬೊಟ್ಟು ಮಾಡಿಸು. ನನ್ನ ಗಂಡ ಮಾಡಿದ ತಪ್ಪಿಗೆ ನನ್ನದಿಷ್ಟು."

ಅಕ್ಬರಬಿ ಚೂರನ್ನು ಉಗುರಿನಿಂದ ಬಿಡಿಸಿ, ನೀಲಾವತಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಬ್ಯಾಡ ನೀಲವ್ವಾ. ಕರಗಿಸಿದ ಮ್ಯಾಲೆ ಯಾವುದು ನಮ್ಮ ಹಳ್ಳದ್ದು ಅಂತ ನಾನೂ ಹೇಳಾಕ ಬರೂದಿಲ್ಲ. ನಿನ್ನ ಬೆಂಡ್ವಾಲಿ ನೀ ಕೂಡಿಸ್ಕೊ. ಬುಟ್ಟಿ ಖಾಲಿ ಆಗೂದ್ರಾಗ ನನಗೊಂದು ಮುಟಿಗಿ ಶೇಂಗಾ ತಂದ್ಕೊಡು, ಮುಂಜಾನಿಂದ ಏನೂ ತಿಂದಿಲ್ಲ."