ಬೆನ್ನು ಗೈಡ್ ಓದುವುದಿಲ್ಲ

ಬಬಲೇಶ್ವರದ ಆಸ್ಪತ್ರೆಯಲ್ಲಿ ನಾನು ನರ್ಸ್. ಮೊನ್ನೆ ಸ್ಟೋರ್ ರೂಮಿನಲ್ಲಿ ಸ್ಪಿರಿಟ್ ಬಾಟಲಿ ಬಿದ್ದು ಒಡೆಯಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಡಮ್ ನೆನಪಾದರು...

ವಿಜಯಪುರದ ನರ್ಸಿಂಗ್ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದವರು. ಅರಕೇರಿಯ ಒಕ್ಕಲುತನದ ಮನೆಯಿಂದ ಬಂದವರು, ಮಾತು ಒರಟು. ಯಾವ ಪುಸ್ತಕ ತೆರೆದರೂ ಪಾಠಕ್ಕಿಂತ ಮೊದಲು ಒಳಪುಟ ನೋಡಿಸುತ್ತಿದ್ದರು. "ಯಾರು ಬರದಾರ, ಯಾವಾಗ ಬರದಾರ, ಏನ್ ನೋಡಿ ಬರದಾರ? ಇಷ್ಟು ಕೇಳದೇ ಪೇಷಂಟ್ ಮೈ ಮುಟ್ಟಬ್ಯಾಡ್ರಿ" ಎನ್ನುತ್ತಿದ್ದರು.

ಹಾಸಿಗೆ ಹಿಡಿದವರ ಬೆನ್ನು ಕೆಂಪಾದರೆ, ಹುಣ್ಣಾಗದಿರಲು ಸ್ಪಿರಿಟ್ ಹಚ್ಚಿ ತಿಕ್ಕಬೇಕೆಂದು ಪರೀಕ್ಷೆಯ ಗೈಡಿನಲ್ಲಿತ್ತು. ಮೇಡಮ್ ಹೊಸ ಪುಸ್ತಕಗಳನ್ನು ತಂದು ಗೈಡಿನ ಪಕ್ಕದಲ್ಲಿಟ್ಟು ತೋರಿಸಿದರು. ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಕೆಡುತ್ತದೆ. ಆಗಾಗ ಮಗ್ಗುಲು ಬದಲಿಸಿ, ಅಲ್ಲಿ ಭಾರ ಬೀಳದಂತೆ ನೋಡಿಕೊಳ್ಳಬೇಕು. ಪರೀಕ್ಷೆಯಲ್ಲಿ ನಾವು ಅದನ್ನೇ ಬರೆದೆವು. ಅಂಕ ಹೋದವು. ತಿಕೋಟಾದ ನನ್ನ ಗೆಳತಿ ಫೇಲಾದಳು; ಅವಳ ಅಪ್ಪ ಕಾಲೇಜಿಗೆ ಬಂದು ಕೂಗಾಡಿದರು.

ಪ್ರಿನ್ಸಿಪಾಲರು ನಮ್ಮೆದುರಿಗೇ ಮೇಡಮ್‌ಗೆ ಹೇಳಿದರು: "ಗೈಡ್‌ನ್ಯಾಗ ಇದ್ದದ್ದು ಕಲಿಸ್ರಿ. ನಮಗ ರಿಸಲ್ಟ್ ಬೇಕು."

"ಬೆನ್ನು ಗೈಡ್ ಓದಂಗಿಲ್ರಿ ಸರ್" ಎಂದರು ಮೇಡಮ್.

ಮುಂದಿನ ವರ್ಷ ಅವರನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಅವರ ಜಾಗಕ್ಕೆ ಬಂದವರು ಗೈಡ್ ಓದಿ ಬರೆಸಿದರು. ರಿಸಲ್ಟ್ ಚೆನ್ನಾಗಿ ಬಂತು. ಕಾಲೇಜಿನಲ್ಲಿ ಪೇಢೆ ಹಂಚಿದರು.

ಎಷ್ಟೋ ವರ್ಷಗಳ ನಂತರ, ಮೇಡಮ್‌ಗೆ ಲಕ್ವಾ ಹೊಡೆದಿದೆ ಎಂದು ತಿಳಿದು ಜಲನಗರದ ಅವರ ಮನೆಗೆ ಹೋದೆ. ಮಾತು ನಿಂತುಹೋಗಿತ್ತು. ಆರೈಕೆಗೆಂದು ಮನೆಯವರು ಇಟ್ಟುಕೊಂಡಿದ್ದ ನರ್ಸ್ ಹುಡುಗಿ ಅವರನ್ನು ಮಗ್ಗುಲಾಗಿಸಿ, ಕೆಂಪಾದ ಬೆನ್ನಿಗೆ ಸ್ಪಿರಿಟ್ ಹಾಕಿ ಜೋರಾಗಿ ತಿಕ್ಕುತ್ತಿದ್ದಳು.

"ತಿಕ್ಕಬ್ಯಾಡವಾ" ಎಂದೆ.

"ನಮಗ ಹಿಂಗ ಕಲಿಸ್ಯಾರ್ರಿ ಅಕ್ಕಾರ" ಎಂದಳು. ಎಲ್ಲಿ ಕಲಿತೆ ಎಂದು ಕೇಳಿದರೆ ನಮ್ಮದೇ ಕಾಲೇಜಿನ ಹೆಸರು ಹೇಳಿದಳು.

ಮೇಡಮ್ ಅವರ ಕಣ್ಣುಗಳು ತೆರೆದೇ ಇದ್ದವು. ಎಲ್ಲ ಕೇಳಿಸುತ್ತಿತ್ತು ಅವರಿಗೆ... ನಾಲಿಗೆ ಮಾತ್ರ ಹೊರಳಲಿಲ್ಲ.

ಹುಡುಗಿಯ ಕೈ ಹಿಡಿದು ನಿಲ್ಲಿಸಿದೆ. ಭಾರ ಬೀಳದಂತೆ ಮಲಗಿಸುವುದನ್ನು ತೋರಿಸಿಕೊಟ್ಟೆ. ಒಳ್ಳೆಯ ಹುಡುಗಿ, ಬೇಗ ಕಲಿತಳು. ಆದರೆ ಹುಣ್ಣು ಆಗಲೇ ಒಳಗಿಳಿದಿತ್ತು. ಮೈಗೆಲ್ಲ ನಂಜು ಏರಿ ಮೇಡಮ್ ತೀರಿಕೊಂಡರು.

ಕಾಲೇಜಿನಲ್ಲಿ ಸಂತಾಪ ಸಭೆ ಮಾಡಿದರು. ಆದರ್ಶ ಶಿಕ್ಷಕಿ ಎಂದು ಪ್ರಿನ್ಸಿಪಾಲರು ಹೊಗಳಿದರಂತೆ. ನಾನು ಹೋಗಲಿಲ್ಲ.

ಕೆಲಸಕ್ಕೆ ಸೇರಿದ ಮೇಲೂ, ಯಾವುದನ್ನು ನಂಬಬೇಕೆಂದು ತಿಳಿಯದಾದಾಗ ಅವರಿಗೇ ಫೋನ್ ಹಚ್ಚುತ್ತಿದ್ದೆ. ಆ ರೂಢಿ ಇನ್ನೂ ಹೋಗಿಲ್ಲ. ಮೊನ್ನೆ ವಾರ್ಡಿನಲ್ಲಿ ಏನೋ ಅನುಮಾನ ಬಂದು ನಂಬರು ಒತ್ತಿಯೇಬಿಟ್ಟೆ. ಯಾರೋ ಗಂಡಸು ಎತ್ತಿ, "ಯಾರು ಬೇಕಾಗಿತ್ರಿ?" ಎಂದು ಕೇಳಿದ. ಫೋನ್ ಇಟ್ಟುಬಿಟ್ಟೆ.